ಸಿಕ್ಸ್ ಲೈನ್ ರಾಸ್ ಮೀನು ತರಲಾ, ಫೇರಿ ರಾಸ್ ತರಲಾ? ಸಾಕಿದವರು ಹೇಳಿ

ಬಸವನಗುಡಿ (ಪ್ರಶ್ನೆ): ಮನೆಯಲ್ಲಿ 200 ಲೀಟರಿನ ಉಪ್ಪುನೀರಿನ ಟ್ಯಾಂಕ್ ಇದೆ. ಜೋಡಿ ಕ್ಲೌನ್ ಮೀನು, ಒಂದು ಫೈರ್‌ಫಿಶ್. ತಳಕ್ಕೆ ಮರಳು ಹಾಕಿಲ್ಲ. ಬಣ್ಣದ ರಾಸ್ ಒಂದು ತರೋಣ ಅಂತಿದ್ದೇನೆ. ಸಿಕ್ಸ್ ಲೈನಾ, ಫೇರಿನಾ?

ರಾಜಾಜಿನಗರ: ಸಿಕ್ಸ್ ಲೈನ್ ಮಾತ್ರ ಬೇಡ ಮೇಡಂ. ಬೆರಳುದ್ದದ ಮೀನು, ನೇರಳೆ ಮೈಮೇಲೆ ಕಿತ್ತಳೆ ಗೀಟು, ನೋಡೋಕೇನೋ ಚೆಂದ. ಅಂಗಡಿಯವರು 'ಪಾಪದ್ದು ಸರ್' ಅಂದರು. ಟ್ಯಾಂಕ್ ತನ್ನದು ಅಂತ ಅನ್ನಿಸೋವರೆಗೆ ಪಾಪದ್ದೇ. ಆಮೇಲೆ ತಂದ ಗೋಬಿ ಮೀನಿನ ರೆಕ್ಕೆ ಚಿಂದಿ ಚಿಂದಿ ಮಾಡಿತು. ಬಲೆ ಇಳಿಸಿದರೆ ಕಲ್ಲಿನ ಸಂದಿಗೆ ಹೋಗಿ, ಒಂದೊಂದು ಕಣ್ಣು ಒಂದೊಂದು ಕಡೆ ತಿರುಗಿಸಿಕೊಂಡು ನೋಡುತ್ತೆ. ಕೊನೆಗೆ ಅರ್ಧ ನೀರು ಖಾಲಿ ಮಾಡಿ ಕಲ್ಲೆಲ್ಲ ಎತ್ತಿದೆವು. ಲೆಕ್ಕ ಕೇಳಿ: ಮೀನು 2,400. ನೀರಿಗೆ ಬೆರೆಸೋ ಹೊಸ ಉಪ್ಪಿನ ಬಕೆಟ್ 6,800. ಕಲ್ಲು ಎತ್ತುವಾಗ ಮುರಿದ ಟಾರ್ಚ್ ಕೋರಲ್ (ಹವಳ) 5,500. ಗೋಬಿ 1,200. ಅಂಗಡಿಯವರು ವಾಪಸ್ ತಗೊಂಡಿದ್ದು 500ಕ್ಕೆ, ಅದೂ ಮುಖ ಗಂಟು ಹಾಕಿಕೊಂಡು.

ಮೈಸೂರು: ಸಿಕ್ಸ್ ಲೈನ್ ಇದ್ದ ಟ್ಯಾಂಕಿಗೆ ಗೋಬಿ ಹಾಕಿದರೆ ಇನ್ನೇನಾಗುತ್ತೆ? ಅದನ್ನು ಎಲ್ಲಕ್ಕಿಂತ ಕೊನೆಗೆ ಬಿಡಬೇಕು. ನನ್ನದು ದಿನವಿಡೀ ಕಲ್ಲು ಕೆದಕಿ ಫ್ಲಾಟ್‌ವರ್ಮ್ ಹುಳ ಹೆಕ್ಕಿ ತಿನ್ನುತ್ತೆ, ಯಾರ ತಂಟೆಗೂ ಹೋಗಲ್ಲ.

ರಾಜಾಜಿನಗರ: ಮೊದಲಿಂದ ಇದ್ದ ಫೈರ್‌ಫಿಶ್ಶನ್ನೂ ಬಿಡಲಿಲ್ಲ ಸ್ವಾಮಿ. ನಿಮ್ಮ ಮೀನು ಒಳ್ಳೆಯದು ಅಂತ ಎಲ್ಲವೂ ಒಳ್ಳೆಯದಾ?

ಮಂಗಳೂರು: ಫೇರಿ ತನ್ನಿ ಮಾರಾಯ್ರೆ. ಆದರೆ ಮುಚ್ಚಳದಲ್ಲಿ ಸಂದಿ ಇರಬಾರದು. ನನ್ನ ಗಾಜಿನ ಮುಚ್ಚಳದಲ್ಲಿ ವಯರಿಗೆ ಅಂತ ಎರಡು ಬೆರಳಗಲ ಜಾಗ ಇತ್ತು, ಅಷ್ಟೇ. ರಾತ್ರಿ ಕರೆಂಟ್ ಹೋಯಿತು, ಲೈಟ್ ತಟ್ಟನೆ ಆರಿತು, ಮೀನು ಬೆಚ್ಚಿ ಹಾರಿದೆ, ಬೆಳಿಗ್ಗೆ ನೋಡಿದರೆ ಸ್ಟ್ಯಾಂಡಿನ ಹಿಂದೆ ಒಣಗಿ ಬಿದ್ದಿದೆ. ಒಳ್ಳೆ ಬಣ್ಣದ ಗಂಡು, 9,000 ಕೊಟ್ಟಿದ್ದು. ಈಗ ಅಲ್ಯುಮಿನಿಯಂ ಫ್ರೇಮಿಗೆ 6 ಮಿ.ಮೀ. ಬಲೆ ಕಟ್ಟಿಸಿದ್ದೇನೆ, 1,850 ಆಯಿತು. ಆಮೇಲೆ ಕಡಿಮೆಗೆ ಒಂದು ಹೆಣ್ಣು ಫೇರಿ ತಂದೆ. ಒಂದೇ ಇದ್ದರೆ ಅದೇ ಗಂಡಾಗುತ್ತೆ, ಬಣ್ಣವೂ ಬರುತ್ತೆ. ಉಪ್ಪಿಗೆ 6,800 ಕೊಡುವವರನ್ನು ಕಂಡರೆ ನಗು ಬರುತ್ತದೆ. ನಾವು ಕ್ಯಾನ್ ತಗೊಂಡು ಕಡಲಿಗೆ ಹೋಗುವುದು.

ರಾಜಾಜಿನಗರ: ಕಡಲ ನೀರಾ? ಮಳೆಗಾಲದಲ್ಲಿ ನೇತ್ರಾವತಿ, ಗುರುಪುರ ಎರಡೂ ಬಂದು ಅಲ್ಲೇ ಸೇರುತ್ತವೆ. ಉಪ್ಪುನೀರಿನ ಟ್ಯಾಂಕಿಗೆ ಬೇಕಾದ 1.025 ಸಾಂದ್ರತೆ ಎಲ್ಲಿಂದ ಬರುತ್ತೆ?

ಮಂಗಳೂರು: ಮೇ ತಿಂಗಳಲ್ಲೇ ಡ್ರಮ್ ತುಂಬಿಸಿ ಕತ್ತಲಲ್ಲಿ ಇಡುತ್ತೇವೆ. ಬೆಂಗಳೂರಿನವರು ನಮಗೆ ಸಮುದ್ರ ಕಲಿಸುವುದು ಬೇಡ.

ಹುಬ್ಬಳ್ಳಿ: ಕ್ಲೀನರ್ ರಾಸ್ ಹೆಸರು ಯಾಕೆ ಯಾರೂ ಎತ್ತುತ್ತಿಲ್ಲ? ನೀಲಿ ಪಟ್ಟಿ, 600 ರೂಪಾಯಿ, ಬೇರೆ ಮೀನಿನ ಬಾಯೊಳಗೇ ಹೋಗಿ ಬರುತ್ತೆ. ನನ್ನ ಟ್ಯಾಂಗ್ ಮೀನಿಗೆ ಬಿಳಿ ಚುಕ್ಕಿ ರೋಗ ಬಂದಾಗ ಇದನ್ನು ಬಿಟ್ಟೆ, ವಾಸಿಯಾಯಿತು.

ಮೈಸೂರು: ಅದು ಕಾಕತಾಳೀಯ ರೀ. ಬಿಳಿ ಚುಕ್ಕಿಯ ಕ್ರಿಮಿ ಚರ್ಮದ ಒಳಗೆ ಕೂತಿರುತ್ತೆ, ಅದನ್ನು ಹೆಕ್ಕೋಕೆ ಇದಕ್ಕಾಗಲ್ಲ. ಬೇರೆ ಮೀನಿನ ಮೈಮೇಲಿನ ಹುಳವೇ ಇದರ ಊಟ. ಮನೆ ಟ್ಯಾಂಕಿನಲ್ಲಿ ಅದು ಎಲ್ಲಿದೆ? ಊಟ ಸಿಗದೆ ಹೊಟ್ಟೆ ಬತ್ತಿ ಸಾಯುತ್ತೆ. ಇದನ್ನು 600ಕ್ಕೆ ಮಾರುವವರನ್ನು ಮೊದಲು ಕೇಳಬೇಕು.

ಹುಬ್ಬಳ್ಳಿ: ನನ್ನದು ಫ್ರೋಜನ್ ಮೈಸಿಸ್ ಸೀಗಡಿ ತಿಂದುಕೊಂಡು ಗಟ್ಟಿಮುಟ್ಟಾಗಿದೆ. ಬಂದು ನೋಡಿ, ಆಮೇಲೆ ಮಾತಾಡಿ.

ದುಬೈ: ಲೆಪರ್ಡ್ ರಾಸ್ ಸಾಕಿ ನೋಡಿ, ಆಗ ಕಷ್ಟ ಅಂದರೇನು ಗೊತ್ತಾಗುತ್ತೆ. ಬಿಟ್ಟ ಕೂಡಲೇ ಮರಳೊಳಗೆ ಹೋಯಿತು. ದಿನಗಟ್ಟಲೆ ಪತ್ತೆಯಿಲ್ಲ. ಹೆಂಡತಿ 'ಸತ್ತಿದೆ, ನಾರೋಕೆ ಮುಂಚೆ ತೆಗೀರಿ' ಅಂತ ಒಂದೇ ಸಮ. ನಾನು ಕೈ ಹಾಕಲಿಲ್ಲ. ಆಮೇಲೆ ಒಂದು ಬೆಳಿಗ್ಗೆ ಮೂತಿ ಮಾತ್ರ ಹೊರಗೆ, ಕಣ್ಣು ಪಿಳಿಪಿಳಿ. ಊಟಕ್ಕೆ ಬದುಕಿರುವ ಕೋಪಿಪಾಡ್ ಅನ್ನೋ ಪುಟಾಣಿ ಜೀವಿಗಳು, ಬಾಟಲಿಗೆ 70 ದಿರ್ಹಮ್. ನೀರು ತಂಪು ಮಾಡುವ ಚಿಲ್ಲರ್ ಕರೆಂಟ್ ಬಿಲ್ ಬೇರೆ.

ಬಸವನಗುಡಿ: ತಳಕ್ಕೆ ಮರಳಿಲ್ಲ ಅಂತ ಬರೆದಿದ್ದೆ. ಫೇರಿ ಮಲಗೋದಾದರೂ ಎಲ್ಲಿ?

ದುಬೈ: ಕಲ್ಲಿನ ಸಂದಿಯಲ್ಲಿ. ಸುತ್ತ ಲೋಳೆಯ ಚೀಲ ಕಟ್ಟಿಕೊಂಡು ಮಲಗುತ್ತೆ. ಮರಳು ಬೇಕಿಲ್ಲ.

ರಾಜಾಜಿನಗರ: ಮಂಗಳೂರಿನವರೇ, ಡ್ರಮ್ಮಿನ ನೀರಿನ ನೈಟ್ರೇಟ್ ಎಷ್ಟಿದೆ, ಟೆಸ್ಟ್ ಮಾಡಿ ಹಾಕಿ ನೋಡೋಣ.

ಮಂಗಳೂರು: ನಿಮ್ಮ ಬೋರ್‌ವೆಲ್ಲಿನದ್ದು ಮೊದಲು ಹಾಕಿ.