ಮೋಲ್ಡ್‌ಗೆ ಬ್ಯಾಕ್ಟೀರಿಯಾ ಹಾಕಿಸಬೇಕಾ?

ಗುಂಪು: ನಮ್ಮ ಮನೆಮಂದಿ

ಗಿರೀಶ: (ಹಲವು ಬಾರಿ ಫಾರ್ವರ್ಡ್ ಆದ ವಿಡಿಯೊ) ಹಾಲೆಂಡ್ ವಿಜ್ಞಾನಿಗಳ ಪವಾಡ!! ಕಾಂಕ್ರೀಟ್ ಒಳಗೆ ಬ್ಯಾಕ್ಟೀರಿಯಾ!! ಬಿರುಕು ಬಿಟ್ಟರೆ ತಾನೇ ಮುಚ್ಚಿಕೊಳ್ಳುತ್ತದೆ. 200 ವರ್ಷ ರಿಪೇರಿ ಬೇಡ. ಮನೆ ಕಟ್ಟುವ ಎಲ್ಲರಿಗೂ ಕಳಿಸಿ 🙏

ಗಿರೀಶ: ನಾಗರಾಜ ಚಿಕ್ಕಪ್ಪ, ಇದನ್ನು ಸ್ವಲ್ಪ ನೋಡಿ. ನಮ್ಮ ಕಂಟ್ರಾಕ್ಟರ್ ಹತ್ತಿರವೂ ಇಂಥದ್ದೇ ಪುಡಿ ಇದೆಯಂತೆ. ಒಂದು ಮೂಟೆ ಸಿಮೆಂಟಿಗೆ ಒಂದು ಪ್ಯಾಕೆಟ್ ಹಾಕಿದರೆ ಜನ್ಮದಲ್ಲಿ ಸೋರುವುದಿಲ್ಲ ಅನ್ನುತ್ತಿದ್ದಾನೆ. ಭಾನುವಾರ ತಾರಸಿಗೆ ಕಾಂಕ್ರೀಟ್, ಅದೇ ಮೋಲ್ಡ್. ಪುಡಿ ಹಾಕಿಸಲಾ?

ನಾಗರಾಜ: ಬೇಡ.

ನಾಗರಾಜ: ಇಲಾಖೆಯಲ್ಲಿದ್ದಷ್ಟು ಕಾಲ ಪುಡಿ ಮಾರುವವರನ್ನು ನೋಡಿ ನೋಡಿ ಸಾಕಾಗಿದೆ. ಮನೆ ಸೋರುವುದು ಬ್ಯಾಕ್ಟೀರಿಯಾ ಇಲ್ಲ ಅಂತ ಅಲ್ಲ, ಕಲಸುವಾಗ ಸುಲಭ ಆಗಲಿ ಅಂತ ಮೇಸ್ತ್ರಿ ಕೊಡಗಟ್ಟಲೆ ನೀರು ಸುರಿಯುತ್ತಾನೆ, ಆಮೇಲೆ ಎರಡು ದಿನ ನೀರು ಕಟ್ಟಿ ಮೂರನೇ ದಿನ ಮರೆತುಬಿಡುತ್ತಾನೆ, ಅದಕ್ಕೆ.

ಲಲಿತಾ: ಅಯ್ಯೋ, ಮನೆ ತಾರಸಿಗೆ ಬ್ಯಾಕ್ಟೀರಿಯಾನಾ? ಮಕ್ಕಳಿಗೆ ಕಾಯಿಲೆ ಬರುವುದಿಲ್ವಾ?

ಸಹನಾ: ಬರುವುದಿಲ್ಲ ಚಿಕ್ಕಮ್ಮ, ಇವು ಮಣ್ಣಲ್ಲಿ, ಸೋಡಾ ಕೆರೆಗಳಲ್ಲಿ ಇರುವ ಜಾತಿ, ರೋಗ ತರುವಂಥವಲ್ಲ.

ಸಹನಾ: ಚಿಕ್ಕಪ್ಪ, ಕಂಟ್ರಾಕ್ಟರ್ ಪುಡಿ ಬೇರೆ, ಹಾಲೆಂಡಿನ ಕೆಲಸ ಬೇರೆ. ಎರಡಕ್ಕೂ ಸೇರಿಸಿ ಬೈಯಬೇಡಿ. ಡೆಲ್ಫ್ಟ್ ವಿಶ್ವವಿದ್ಯಾಲಯದಲ್ಲಿ ಹೆಂಕ್ ಯೋಂಕರ್ಸ್ ಅನ್ನುವ ಸೂಕ್ಷ್ಮಜೀವಿ ವಿಜ್ಞಾನಿ 2006ರ ಹೊತ್ತಿಗೆ ಶುರು ಮಾಡಿದ್ದು. ಬ್ಯಾಸಿಲಸ್ ಗುಂಪಿನ ಕೆಲವು ಬ್ಯಾಕ್ಟೀರಿಯಾಗಳು ನೀರು, ಆಹಾರ ಸಿಗದಿದ್ದರೆ ಬೀಜದ ಹಾಗೆ ಚಿಪ್ಪು ಕಟ್ಟಿಕೊಂಡು ಮಲಗಿಬಿಡುತ್ತವೆ. ಅದೇ ಸ್ಪೋರ್. ಅವನ್ನು ಕ್ಯಾಲ್ಸಿಯಂ ಲ್ಯಾಕ್ಟೇಟ್ ಜೊತೆ ಕಾಂಕ್ರೀಟಿಗೆ ಸೇರಿಸುತ್ತಾರೆ. ಬಿರುಕು ಬಿಟ್ಟು ನೀರು ಒಳಗೆ ಹೋದಾಗ ಎದ್ದು, ಲ್ಯಾಕ್ಟೇಟ್ ತಿಂದು, ಸುಣ್ಣದಕಲ್ಲು ಮಾಡುತ್ತವೆ, ಬಿರುಕು ತುಂಬುತ್ತದೆ. ತಿನ್ನುವಾಗ ಆಮ್ಲಜನಕವನ್ನೂ ಬಳಸಿಕೊಳ್ಳುವುದರಿಂದ ಕಂಬಿ ತುಕ್ಕು ಹಿಡಿಯುವುದೂ ಕಡಿಮೆಯಾಗಬಹುದು. 200 ವರ್ಷ ಅನ್ನುವುದು ಸ್ಪೋರ್ ಎಷ್ಟು ಕಾಲ ಮಲಗಿರಬಲ್ಲದು ಅನ್ನುವ ಅಂದಾಜು. ಮನೆಯ ಗ್ಯಾರಂಟಿ ಅಲ್ಲ.

ನಾಗರಾಜ: ಸಿಮೆಂಟಿಗೆ ಸಕ್ಕರೆ ಬಿದ್ದರೆ ಸೆಟ್ ಆಗುವುದೇ ತಡ ಆಗುತ್ತದೆ, ಗೊತ್ತಾ? ಇವರು ಆಹಾರ ಅಂತ ಹಾಕುತ್ತಾರಂತೆ.

ಸಹನಾ: ಅದು ಅವರಿಗೂ ಗೊತ್ತಿತ್ತು ಚಿಕ್ಕಪ್ಪ. ಅದಕ್ಕೇ ಬೇರೆ ಬೇರೆ ಆಹಾರ ಹಾಕಿ ನೋಡಿ ಲ್ಯಾಕ್ಟೇಟ್ ಆರಿಸಿಕೊಂಡರು, ಅದರಿಂದ ಗಟ್ಟಿತನ ಕಡಿಮೆಯಾಗಲಿಲ್ಲ. ಅವರಿಗೆ ತೊಂದರೆ ಆಗಿದ್ದು ಬೇರೆ ಕಡೆ. ಸ್ಪೋರ್‌ಗಳನ್ನು ಹಾಗೇ ಬೆರೆಸಿದರೆ ನಾಲ್ಕು ತಿಂಗಳಲ್ಲಿ ಸತ್ತುಹೋಗುತ್ತಿದ್ದವು. ಸಿಮೆಂಟ್ ಗಟ್ಟಿಯಾಗುತ್ತಾ ಒಳಗಿನ ರಂಧ್ರಗಳು ಸ್ಪೋರ್‌ಗಿಂತ ಸಣ್ಣದಾಗಿ ಅವು ಜಜ್ಜಿಹೋಗುತ್ತವೆ ಅಂತ ಲೆಕ್ಕ ಹಾಕಿದರು. ಆಮೇಲೆ ಸುಟ್ಟು ಉಬ್ಬಿಸಿದ ಜೇಡಿಮಣ್ಣಿನ ಗುಂಡುಗಳ ಒಳಗೆ ತುಂಬಿಸಿ ಹಾಕಿದರು.

ನಾಗರಾಜ: ಅಂದರೆ ಜೆಲ್ಲಿ ತೆಗೆದು ಮಣ್ಣುಗುಂಡು! ಸ್ಟ್ರೆಂತ್ ಏನಾಯಿತು? ಅದನ್ನು ಹೇಳು.

ಸಹನಾ: ಕಡಿಮೆಯಾಯಿತು. ನಿಜ. ಅದಕ್ಕೇ ಆ ಗುಂಡುಗಳನ್ನು ಬಿಟ್ಟು ಬೇರೆ ಥರದ ಕಣಗಳಿಗೆ ಹೋದರು. ಡೆಲ್ಫ್ಟ್‌ನಿಂದಲೇ ಹುಟ್ಟಿದ ಬ್ಯಾಸಿಲಿಸ್ಕ್ ಅನ್ನುವ ಕಂಪನಿ ಈಗ ಅದನ್ನು ಮಾರುತ್ತದೆ.

ಗಿರೀಶ: ಸರಿ, ಆದರೆ ಕೆಲಸ ಮಾಡುತ್ತದಾ ಇಲ್ವಾ? ಒಂದು ಮಾತಲ್ಲಿ ಹೇಳಿ. ನನಗೆ ಸೆಂಟ್ರಿಂಗ್‌ನವನ ಫೋನ್ ಬರುತ್ತಾ ಇದೆ.

ಸಹನಾ: ಒಂದು ಮಾತಲ್ಲಿ ಆಗುವುದಿಲ್ಲ ಅಣ್ಣ. 2011ರಲ್ಲಿ ಅವರೇ ಬರೆದ ಪ್ರಬಂಧದಲ್ಲಿ, ನೂರು ದಿನ ನೀರಲ್ಲಿ ಮುಳುಗಿಸಿಟ್ಟಾಗ ಬ್ಯಾಕ್ಟೀರಿಯಾ ಇದ್ದ ತುಂಡಿನಲ್ಲಿ 0.46 ಮಿ.ಮೀ. ಅಗಲದ ಬಿರುಕಿನವರೆಗೂ ಮುಚ್ಚಿತ್ತು. ಇಲ್ಲದ ತುಂಡಿನಲ್ಲಿ 0.18 ಮಿ.ಮೀ.ವರೆಗೆ ಮಾತ್ರ.

ನಾಗರಾಜ: ನೋಡಿದೆಯಾ! ಏನೂ ಹಾಕದ ಕಾಂಕ್ರೀಟೇ 0.18 ಮುಚ್ಚಿಕೊಂಡಿದೆ. ಒಳಗೆ ಉಳಿದ ಸಿಮೆಂಟ್ ನೀರು ಕುಡಿದು ಮತ್ತೆ ಗಟ್ಟಿಯಾಗುತ್ತದೆ, ನಮಗೆ ಹಳೇ ವಿಷಯ. ಕನ್ನಂಬಾಡಿ ಕಟ್ಟೆ ಕಟ್ಟಿದ್ದು ಸುಣ್ಣ, ಇಟ್ಟಿಗೆ ಪುಡಿಯ ಸುರ್ಕಿ ಗಾರೆಯಲ್ಲಿ. ಅದಕ್ಕೆ ಯಾವ ಬ್ಯಾಸಿಲಸ್ ಹಾಕಿದ್ದರು?

ಸಹನಾ: ಸುಣ್ಣದ ಗಾರೆಯೂ ಅದೇ ಕೆಲಸ ಮಾಡುತ್ತದೆ ಚಿಕ್ಕಪ್ಪ, ಸುಣ್ಣ ನೀರಲ್ಲಿ ಕರಗಿ ಬಿರುಕಲ್ಲಿ ಮತ್ತೆ ಕೂರುತ್ತದೆ. ನೀವು ನನ್ನ ಪರವಾಗಿಯೇ ಮಾತಾಡುತ್ತಿದ್ದೀರಿ 😄

ಗಿರೀಶ: ನೂರು ದಿನ ನೀರಲ್ಲಿ ಇರಬೇಕು ಅಂದರೆ ನಮ್ಮ ತೀರ್ಥಹಳ್ಳಿಗೆ ಹೇಳಿ ಮಾಡಿಸಿದ ಹಾಗಿದೆಯಲ್ಲ, ಜೂನ್‌ನಲ್ಲಿ ಹಿಡಿದರೆ ಸೆಪ್ಟೆಂಬರ್‌ವರೆಗೂ ಬಿಡುವುದಿಲ್ಲ.

ಸಹನಾ: ಹಹ್ಹಾ. ಆದರೆ ಬೇಸಿಗೆ ಬಿಸಿಲಿಗೆ ತಾರಸಿ ಹಿಗ್ಗಿ ರಾತ್ರಿ ಕುಗ್ಗುತ್ತದಲ್ಲ, ಆ ಥರ ಅಲುಗಾಡುವ ಬಿರುಕಿಗೆ ಇದು ಉಪಯೋಗವಿಲ್ಲ. ಸುಣ್ಣದಕಲ್ಲು ಪೆಡಸು, ಮತ್ತೆ ಸೀಳುತ್ತದೆ. ಆ ಪ್ಯಾಕೆಟ್ ಫೋಟೋ ಹಾಕಿ ಅಣ್ಣ, ಎರಡೂ ಕಡೆ.

ಗಿರೀಶ: (ಫೋಟೋ) (ಫೋಟೋ)

ಸಹನಾ: ಇದರಲ್ಲಿ ಬ್ಯಾಕ್ಟೀರಿಯಾ ಎಲ್ಲಿದೆ? ಯಾವ ಜಾತಿ, ಗ್ರಾಮಿಗೆ ಎಷ್ಟು ಸ್ಪೋರ್, ಏನೂ ಬರೆದಿಲ್ಲ. ಹಿಂದೆ ಸಣ್ಣ ಅಕ್ಷರದಲ್ಲಿ ಕ್ರಿಸ್ಟಲೈನ್ ವಾಟರ್‌ಪ್ರೂಫಿಂಗ್ ಅಂತ ಇದೆ. ಅದು ಬರೀ ರಾಸಾಯನಿಕ.

ನಾಗರಾಜ: 😂😂 ನಾನು ಮೊದಲೇ ಹೇಳಿದೆ. ಎಲ್ಲಾ ಟೋಪಿ.

ಸಹನಾ: ಒಬ್ಬ ಕಂಟ್ರಾಕ್ಟರ್ ಬಾಯಿಗೆ ಬಂದದ್ದು ಹೇಳಿದರೆ ಡೆಲ್ಫ್ಟ್ ಹೇಗೆ ಟೋಪಿಯಾಗುತ್ತದೆ? 2014ರಲ್ಲಿ ಈಕ್ವೆಡಾರ್‌ನ ಬೆಟ್ಟದ ಮೇಲೆ ನೀರಾವರಿ ಕಾಲುವೆಗೆ ಇದನ್ನು ಹಾಕಿದರು. 2015ರಲ್ಲಿ ಕಾರ್ಡಿಫ್ ವಿಶ್ವವಿದ್ಯಾಲಯದವರು ಬ್ರಿಟನ್ನಿನ ವೇಲ್ಸ್‌ನ ರಸ್ತೆ ಕಾಮಗಾರಿಯಲ್ಲೇ ಗೋಡೆ ಕಟ್ಟಿ ಪರೀಕ್ಷೆ ಮಾಡಿದರು. ನಮ್ಮ ಬೆಂಗಳೂರಿನ ಐಐಎಸ್‌ಸಿಯವರೂ ಇಸ್ರೋ ಜೊತೆ ಸೇರಿ 2020ರಲ್ಲಿ ಚಂದ್ರನ ಮಣ್ಣಿನಂಥ ಪುಡಿಗೆ ಬ್ಯಾಕ್ಟೀರಿಯಾ, ಯೂರಿಯಾ, ಗೋರಿಕಾಯಿ ಬೀಜದ ಅಂಟು ಹಾಕಿ ಇಟ್ಟಿಗೆ ಮಾಡಿದ್ದರು.

ಲಲಿತಾ: ಗೋರಿಕಾಯಿನಾ?? ಮನೇಲಿ ಪಲ್ಯ ಮಾಡಿದರೆ ಯಾರೂ ಮುಟ್ಟುವುದಿಲ್ಲ, ಚಂದ್ರನಿಗೆ ಕಳಿಸುತ್ತಾರಂತೆ.

ನಾಗರಾಜ: ಯೂರಿಯಾ ಅಂದರೆ ಅಮೋನಿಯಾ ವಾಸನೆ. ಅದನ್ನು ಸಂಪ್‌ಗೆ ಹಾಕಿ ಕುಡಿಯುತ್ತೀರಾ?

ಸಹನಾ: ಸರಿಯಾದ ಪ್ರಶ್ನೆ. ಯೂರಿಯಾ ದಾರಿಯಲ್ಲಿ ಅಮೋನಿಯಾ ಬರುತ್ತದೆ, ಲ್ಯಾಕ್ಟೇಟ್ ದಾರಿಯಲ್ಲಿ ಬರುವುದಿಲ್ಲ. ಡೆಲ್ಫ್ಟ್‌ನವರು ಲ್ಯಾಕ್ಟೇಟ್ ಹಿಡಿದಿದ್ದಕ್ಕೆ ಇದೂ ಒಂದು ಕಾರಣ. ಈಗ ನನ್ನದೊಂದು ಪ್ರಶ್ನೆ ಚಿಕ್ಕಪ್ಪ. ಕಂಬಿ ಹಾಕಿದ ಕಾಂಕ್ರೀಟ್ ಬಿರುಕು ಬಿಡುವುದೇ ಇಲ್ಲ ಅಂತ ನಿಮ್ಮ ಕಾಂಕ್ರೀಟ್ ಕೋಡ್ ಐಎಸ್ 456 ಹೇಳುತ್ತದಾ?

ನಾಗರಾಜ: ಇಲ್ಲ. ಸಾಮಾನ್ಯವಾಗಿ 0.3 ಮಿ.ಮೀ. ಮೀರಬಾರದು, ತೇವ ಇರುವ ಕಡೆ 0.2, ತೀರಾ ಕೆಟ್ಟ ವಾತಾವರಣದಲ್ಲಿ 0.1.

ಸಹನಾ: ಅಷ್ಟೇ ನಾನು ಹೇಳುವುದು! ಬಿರುಕು ಬರುತ್ತದೆ ಅಂತ ಕೋಡೇ ಒಪ್ಪಿಕೊಂಡಿದೆ. ನೀರಿನ ಟ್ಯಾಂಕ್, ಸುರಂಗ, ನೆಲಮಾಳಿಗೆ ಇಂಥ ಕಡೆ ಬಿರುಕು ಸಣ್ಣದಾಗಿರಲಿ ಅಂತಲೇ ಜಾಸ್ತಿ ಕಂಬಿ ತುರುಕುತ್ತೀರಿ, ಅಲ್ವಾ? 0.4ರ ಬಿರುಕು ತಾನೇ ಮುಚ್ಚುತ್ತದೆ ಅಂತಾದರೆ ಆ ಕಂಬಿಯಲ್ಲಿ ಸ್ವಲ್ಪ ಉಳಿಸಬಹುದು. ಮನೆ ತಾರಸಿ ಲೆಕ್ಕ ಇಟ್ಟುಕೊಂಡು ಇದನ್ನು ಅಳೆಯಬಾರದು. ಮನುಷ್ಯ ಹೋಗಿ ರಿಪೇರಿ ಮಾಡಲಾಗದ ಜಾಗಕ್ಕೆ ಇದು.

ನಾಗರಾಜ: (ಸ್ವಲ್ಪ ಹೊತ್ತಿನ ನಂತರ) ಸುರಂಗಕ್ಕೆ, ಟ್ಯಾಂಕಿಗೆ ಅಂದರೆ ಯೋಚನೆ ಮಾಡಬಹುದು. ಆದರೆ ಇಲಾಖೆಯ ದರಪಟ್ಟಿಯಲ್ಲಿ, ಎಸ್‌ಆರ್ ಪುಸ್ತಕದಲ್ಲಿ, ದರ ಇಲ್ಲದ ಐಟಂ ಯಾವ ಎಂಜಿನಿಯರ್ ಎಸ್ಟಿಮೇಟಿಗೆ ಹಾಕುತ್ತಾನೆ? ನಾಳೆ ಆಡಿಟ್‌ನವರು ಬಂದು ಬ್ಯಾಕ್ಟೀರಿಯಾ ತೋರಿಸು ಅಂದರೆ? ಇಪ್ಪತ್ತು ವರ್ಷ ಆದ ಮೇಲೆ ಬಿರುಕು ಮುಚ್ಚದಿದ್ದರೆ ಯಾರನ್ನು ಹಿಡಿಯುವುದು?

ಸಹನಾ: ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ, ನಿಮ್ಮ ಇಲಾಖೆ ಹತ್ತಿರ ಕೇಳಿ.

ಗಿರೀಶ: ನನ್ನ ಮೋಲ್ಡ್???

ನಾಗರಾಜ: ಪ್ಯಾಕೆಟ್ ವಾಪಸ್ ಕೊಡು. ಆ ದುಡ್ಡಲ್ಲಿ ಕಂಬಿ ಕೆಳಗೆ ಇಡುವ ಕವರ್ ಬ್ಲಾಕ್ ತರಿಸು, 20 ಮಿ.ಮೀ.ದು, ಕಲ್ಲುಚೂರು ಇಟ್ಟರೆ ನಾನು ಅಲ್ಲೇ ನಿಲ್ಲಿಸುತ್ತೇನೆ. ವೈಬ್ರೇಟರ್ ಎರಡು ಇರಲಿ, ಒಂದು ಕೆಟ್ಟರೆ ಇನ್ನೊಂದು. ಮಾರನೇ ದಿನದಿಂದ ಪಾತಿ ಕಟ್ಟಿ ಹತ್ತು ದಿನ ನೀರು ನಿಲ್ಲಿಸು.

ಸಹನಾ: ಇದಕ್ಕೆ ನನ್ನದೂ ಓಟು. ಸಂಪ್ ಹಾಕುವಾಗ ಮತ್ತೆ ಜಗಳ ಆಡೋಣ.

ನಾಗರಾಜ: ಸಂಪ್‌ಗೂ ಬೇಡ.

ಸಹನಾ: ಚಿಕ್ಕಪ್ಪ!!

ಲಲಿತಾ: ಭಾನುವಾರ ಮೇಸ್ತ್ರಿ ಕಡೆಯವರೆಲ್ಲ ಸೇರಿ ಊಟಕ್ಕೆ ಎಷ್ಟು ಜನ ಆಗುತ್ತಾರೆ ಗಿರಿ? ಅದನ್ನು ಯಾರೂ ಹೇಳಲೇ ಇಲ್ಲ.