ಅಜ್ಜನ ಪತ್ರಗಳನ್ನು ಹಂಚಬೇಡಿ ಚಿಕ್ಕಪ್ಪ

ಚಿಕ್ಕಪ್ಪ, ಟೈಪ್ ಮಾಡುತ್ತಾ ಕೂತರೆ ಮುಗಿಯುವುದಿಲ್ಲ ಅಂತ ಮಾತಿನಲ್ಲೇ ಹೇಳುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ, ಗ್ರೂಪಿನಲ್ಲಿ ಎಲ್ಲರೂ ಪೂರ್ತಿ ಕೇಳಿ. ಊರ ಮನೆ ಅಟ್ಟದ ಟ್ರಂಕಿನಲ್ಲಿ ಅಜ್ಜನ ಮಿಲಿಟರಿ ಪತ್ರಗಳು ಸಿಕ್ಕಿವೆ, ಲ್ಯಾಮಿನೇಟ್ ಮಾಡಿಸಿ ಮನೆಗೊಂದೊಂದು ಹಂಚೋಣವಾ ಅಂತ ಕೇಳಿದಿರಲ್ಲ, ದಯವಿಟ್ಟು ಬೇಡ. ಬಿಸಿ ಮಾಡಿ ಅಂಟಿಸಿದ ಪ್ಲಾಸ್ಟಿಕ್ಕನ್ನು ಆಮೇಲೆ ಬಿಡಿಸಲು ಆಗುವುದಿಲ್ಲ. ಹಂಚುವುದಂತೂ ಬೇಡವೇ ಬೇಡ. ಒಂದರ ಪಕ್ಕ ಒಂದು ಇಟ್ಟು ಓದಿದರೇನೇ ಅವುಗಳಲ್ಲಿ ಏನಿದೆ ಅಂತ ಗೊತ್ತಾಗುವುದು.

ನೀವು ಹಾಕಿದ ಫೋಟೋಗಳನ್ನೆಲ್ಲ ದೊಡ್ಡದು ಮಾಡಿಕೊಂಡು ನೋಡಿದೆ. ಎಲ್ಲಿಂದ ಬರೆದದ್ದು ಅಂತಾನೇ ಇಲ್ಲ ಅಂದಿರಿ. ಊರಿನ ಹೆಸರು ಬರೆಯುವ ಹಾಗಿರಲಿಲ್ಲ ಚಿಕ್ಕಪ್ಪ, ಅದರ ಬದಲು ನಂಬರ್ ಇರುತ್ತಿತ್ತು. ಮೊದಲಿನ ಪತ್ರಗಳಲ್ಲಿ 56 ಎಪಿಒ ಅಂತಿದೆ, ಆಮೇಲಿನವುಗಳಲ್ಲಿ 99 ಎಪಿಒ. ಎಪಿಒ ಅಂದರೆ ಸೈನ್ಯದ ಅಂಚೆ ಕಚೇರಿ. 56 ಅಂದರೆ ದೆಹಲಿ ಮೂಲಕ ಹೋಗಿ ಬರುವ ಟಪಾಲು, 99 ಅಂದರೆ ಕಲ್ಕತ್ತಾ ಮೂಲಕ. ಅಜ್ಜನನ್ನು ಪೂರ್ವದ ಗಡಿಗೆ ಕಳಿಸಿದ್ದು ಯಾವಾಗ ಅಂತ ಈ ಎರಡು ನಂಬರ್‌ಗಳಲ್ಲೇ ಸಿಗುತ್ತದೆ. ತಾರೀಖು ಅಳಿಸಿಹೋದವಕ್ಕೂ ದಾರಿ ಇದೆ. ವಿಳಾಸದಲ್ಲಿ 577ರಿಂದ ಶುರುವಾಗುವ ಪಿನ್ ಇದ್ದರೆ ಅದು 1971ರ ಪಾಕಿಸ್ತಾನ ಯುದ್ಧ ಮುಗಿದ ಮೇಲಿನದು, ಯಾಕಂದರೆ ಪಿನ್ ಬಂದದ್ದೇ 1972ರ ಆಗಸ್ಟ್ 15ಕ್ಕೆ. ಮಕ್ಕಳು ಕೇಳುತ್ತಿದ್ದರಲ್ಲ, ಜಗಳೂರು ತಾಲ್ಲೂಕು, ಚಿತ್ರದುರ್ಗ ಜಿಲ್ಲೆ, ಮೈಸೂರು ರಾಜ್ಯ ಅಂತಿರುವುದು ತಪ್ಪಲ್ಲ. ದಾವಣಗೆರೆ ಜಿಲ್ಲೆ ಆದದ್ದು 1997ರಲ್ಲಿ.

ಈಗ ಆ ನೀಲಿ ಇನ್‌ಲ್ಯಾಂಡ್ ಪತ್ರ ನೋಡಿ, ಡಿಸೆಂಬರ್ 2ರದು. ಮಾರನೇ ದಿನ ಸಂಜೆಯೇ ಯುದ್ಧ ಶುರು. "ತೀರ್ಥರೂಪು ತಂದೆಯವರಿಗೆ" ಅಂತ ಮುತ್ತಜ್ಜನಿಗೆ ಬರೆದದ್ದು. ಹಿಂಗಾರಿ ಜೋಳ ಹೇಗಿದೆ, ಎತ್ತಿನ ಕಾಲು ವಾಸಿ ಆಯಿತಾ, ಮನಿಯಾರ್ಡರ್ ಮುಟ್ಟಿತಾ. ಬಂದೂಕಿನ ಸುದ್ದಿ ಒಂದಕ್ಷರ ಇಲ್ಲ. ಅಜ್ಜಿಯ ಹೆಸರೂ ಇಲ್ಲ. ಆದರೆ ಮಧ್ಯದಲ್ಲಿ "ಅವರ ತವರಿನಿಂದ ಯಾರಾದರೂ ಬಂದಿದ್ದರೇ" ಅಂತ ಒಂದು ಸಾಲು ಇದೆ. ಅಜ್ಜಿ ಆಗ ಬಸುರಿ. ಬಾಣಂತನಕ್ಕೆ ಕಳಿಸಿದಿರಾ ಅಂತ ಅಪ್ಪನನ್ನು ನೇರ ಕೇಳುವುದು ಹೇಗೆ? ಹಾಗಾಗಿ ಸುತ್ತಿ ಬಳಸಿ ಕೇಳಿದ್ದಾರೆ. ಆ ಬಸುರಿನಲ್ಲಿ ಇದ್ದದ್ದು ನೀವೇ ಚಿಕ್ಕಪ್ಪ.

ಇನ್ನೊಂದು ನೀವು ಗಮನಿಸಿಲ್ಲ ಅನ್ನಿಸುತ್ತದೆ. ಅಂಟು ಹಚ್ಚಿ ಮಡಚುವ ಆ ಸಣ್ಣ ಅಂಚಿನಲ್ಲಿ, ಜಾಗ ಸಾಲದೆ ಅಡ್ಡ ತಿರುಗಿಸಿ, "ದೊಡ್ಡವಳನ್ನು ಶಾಲೆ ಬಿಡಿಸಬೇಡಿ" ಅಂತ ಬರೆದಿದ್ದಾರೆ. ಫೋಟೋದಲ್ಲಿ ಅರ್ಧ ಕತ್ತರಿಸಿಹೋಗಿದೆ. ಅದನ್ನು ಮತ್ತೆ ತೆಗೆಯಿರಿ, ಹಗಲು ಬೆಳಕಿನಲ್ಲಿ, ಎರಡೂ ಬದಿ, ಎಲ್ಲ ಮಡಿಕೆ ಬಿಚ್ಚಿ.

ಅಜ್ಜ ಬದುಕಿ ಬಂದರು ಅಂತ ನಮಗೆ ಗೊತ್ತು. ಆ ಡಿಸೆಂಬರ್‌ನಲ್ಲಿ ಅಜ್ಜಿಗೆ ಗೊತ್ತಿರಲಿಲ್ಲ. ಅದೇ ಕಟ್ಟಿನಲ್ಲಿ ಅಜ್ಜಿಯ ಅಣ್ಣ ಬರೆದ ಕವರ್ ಇದೆಯಲ್ಲ, ದಾವಣಗೆರೆ ಹತ್ತಿ ಮಿಲ್‌ನಲ್ಲಿ ಇದ್ದವರು. ಢಾಕಾ ಬಿತ್ತಂತೆ ರೇಡಿಯೋದಲ್ಲಿ ಹೇಳಿದರು, ಧೈರ್ಯವಾಗಿರು, ಭಾವನವರ ಪತ್ರ ಬಂದ ಕೂಡಲೇ ತಿಳಿಸು ಅಂತ ಬರೆದಿದ್ದಾರೆ. ಅಂದರೆ ಢಾಕಾ ಬಿದ್ದ 16ನೇ ತಾರೀಖು ಕಳೆದರೂ ಮನೆಗೆ ಏನೂ ಬಂದಿರಲಿಲ್ಲ. ಊರೆಲ್ಲ ಗೆದ್ದೆವು ಅಂತ ಕುಣಿಯುವಾಗ ಅಜ್ಜಿ ಟಪಾಲಿನವನ ದಾರಿ ಕಾಯುತ್ತಿದ್ದರು. ನನಗೆ ಯುದ್ಧದ ಕಥೆ ಅಂದರೆ ಇದೇ ಅನ್ನಿಸುತ್ತದೆ. ಆ ಕವರ್ ಮೇಲೆ 5 ಪೈಸೆಯ ಇನ್ನೊಂದು ಅಂಚೆ ಚೀಟಿ ಇದೆ. ಪೂರ್ವ ಪಾಕಿಸ್ತಾನದಿಂದ ಬಂದ ನಿರಾಶ್ರಿತರಿಗಾಗಿ ನವೆಂಬರ್ 15ರಿಂದ ಪತ್ರಕ್ಕೆ ಜಾಸ್ತಿ ಹಚ್ಚಬೇಕಿತ್ತು. ಪುಟ್ಟ ಅದನ್ನು ಕಿತ್ತುಕೊಡಿ ಅಂತ ಕೇಳಿದನಂತೆ. ಕೊಡಬೇಡಿ, ಬೇರೆ ತಂದುಕೊಡೋಣ.

ಅಜ್ಜಿ ಬರೆಸಿ ಕಳಿಸಿದ ಪತ್ರ ಒಂದೂ ಇಲ್ಲ. ಗಡಿಯಲ್ಲಿ ಯಾರು ಜೋಪಾನ ಮಾಡುತ್ತಾರೆ? ಅಜ್ಜಿ ಹೇಳಿದ್ದನ್ನು ಬರೆದುಕೊಟ್ಟವರು, ಬಂದದ್ದನ್ನು ಓದಿ ಹೇಳಿದವರು ದೊಡ್ಡತ್ತೆ, ಶಾಲೆಗೆ ಹೋಗುತ್ತಿದ್ದ ಹುಡುಗಿ. ಅಜ್ಜಿ ಏನು ಬರೆಸಿದರು, ಮುತ್ತಜ್ಜನ ಎದುರು ಏನು ಬರೆಸಲಿಲ್ಲ, ಅದೆಲ್ಲ ಅವರಿಗೆ ಮಾತ್ರ ಗೊತ್ತು. ದೊಡ್ಡತ್ತೆ, ನೀವು ಈ ಮೆಸೇಜ್ ಕೇಳುತ್ತಿದ್ದೀರಿ ಅಂತ ಗೊತ್ತು. ಭಾನುವಾರ ಚಿಕ್ಕಪ್ಪನನ್ನೂ ಟ್ರಂಕನ್ನೂ ಕರೆದುಕೊಂಡು ವಿದ್ಯಾನಗರದ ನಿಮ್ಮ ಮನೆಗೇ ಬರುತ್ತೇನೆ. ನೀವು ಒಂದೊಂದೇ ಪತ್ರ ಓದಿ, ನೆನಪಾದದ್ದು ಹೇಳಿ, ನಾನು ರೆಕಾರ್ಡ್ ಮಾಡಿಕೊಳ್ಳುತ್ತೇನೆ. ಚಿಕ್ಕಪ್ಪ, ಅಲ್ಲಿಯವರೆಗೆ ಹರಿದದ್ದಕ್ಕೆ ಟೇಪ್ ಹಚ್ಚಬೇಡಿ, ಪ್ಲಾಸ್ಟಿಕ್ ಕವರ್‌ಗೂ ಹಾಕಬೇಡಿ. ಒಂದು ಹಳೇ ಕಾಟನ್ ಪಂಚೆಯಲ್ಲಿ ಸುತ್ತಿಡಿ.