ಸೂಪರ್‌ಚಾರ್ಜರ್ ಇರುವ ಕಾರಿಗೆ ಇಂಟರ್‌ಕೂಲರ್ ಸುಧಾರಣೆ: ಬೆಂಗಳೂರಿನ ಓಡಾಟಕ್ಕೆ ಮೊದಲು ಯಾವುದು?

ಬಸವನಗುಡಿ ವಿ6 (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನನ್ನ ಬಳಿ 3.0 ಟಿಎಫ್‌ಎಸ್‌ಐ ಎಂಜಿನ್ನಿನ ಹಳೆಯ ಆಡಿ ಎಸ್4 ಇದೆ. ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಸೂಪರ್‌ಚಾರ್ಜರೂ, ಒತ್ತಿದಾಗ ಬಿಸಿಯಾದ ಆ ಗಾಳಿಯನ್ನು ತಣಿಸುವ ಇಂಟರ್‌ಕೂಲರೂ ಅದರಲ್ಲಿವೆ. ಸೂಪರ್‌ಚಾರ್ಜರನ್ನು ತಿರುಗಿಸುವ ಪುಲ್ಲಿಯನ್ನಾಗಲಿ ಎಂಜಿನ್ ಕಂಪ್ಯೂಟರಿನ ಟ್ಯೂನನ್ನಾಗಲಿ ನಾನು ಮುಟ್ಟಿಲ್ಲ. ಬೆಳಿಗ್ಗೆ ಆರು ಗಂಟೆಗೆ ಬಳ್ಳಾರಿ ರಸ್ತೆಯಲ್ಲಿ ಸಲೀಸಾಗಿ ಓಡುವ ಇದೇ ಕಾರು, ಸಂಜೆ ಸಿಲ್ಕ್ ಬೋರ್ಡಿನಲ್ಲಿ ನಲವತ್ತು ನಿಮಿಷ ತೆವಳಿ ಹೊಸೂರು ರಸ್ತೆಯ ಮೇಲ್ಸೇತುವೆ ಹತ್ತಿದಾಗ ಎಳೆಯುವುದೇ ಇಲ್ಲ. ಕಾರಿನ ಕಂಪ್ಯೂಟರಿನ ಅಂಕಿಗಳನ್ನು ಓದುವ ಓಬಿಡಿ ಸಾಧನ ಸಿಕ್ಕಿಸಿ ನೋಡಿದೆ: ಹೊರಗೆ 33 ಡಿಗ್ರಿ ಇದ್ದಾಗ ಎಂಜಿನ್ನಿನೊಳಕ್ಕೆ ಹೋಗುವ ಗಾಳಿ 71 ಡಿಗ್ರಿ ಇತ್ತು, ಮೂರು ನಿಮಿಷ ಒಂದೇ ವೇಗದಲ್ಲಿ ಓಡಿಸಿದ ಮೇಲೂ 58ಕ್ಕಿಂತ ಕೆಳಗಿಳಿಯಲಿಲ್ಲ.

ಒಂದು ಗ್ಯಾರೇಜಿನವರು ಇಂಟರ್‌ಕೂಲರಿನ ನೀರನ್ನು ತಣಿಸುವ ಮುಂದಿನ ಹೀಟ್ ಎಕ್ಸ್‌ಚೇಂಜರ್ ಮತ್ತು ಆ ನೀರನ್ನು ತಿರುಗಿಸುವ ಪಂಪು ಎರಡನ್ನೂ ದೊಡ್ಡದು ಹಾಕಿಸಿ ಎನ್ನುತ್ತಾರೆ. ಇನ್ನೊಬ್ಬರು ಡಿಕ್ಕಿಯಲ್ಲಿ ಐಸ್ ತುಂಬುವ ಟ್ಯಾಂಕ್ ಇಡಿಸಿ ಎನ್ನುತ್ತಾರೆ. ಟರ್ಬೊ ಕಾರಿರುವ ಗೆಳೆಯನೊಬ್ಬ ತನ್ನ ಕಾರಿನಲ್ಲಿರುವಂತೆ ಬಂಪರಿನ ಹಿಂದೆ ಗಾಳಿಯಿಂದಲೇ ತಣಿಯುವ ಇಂಟರ್‌ಕೂಲರ್ ಹಾಕಿಸು ಎನ್ನುತ್ತಾನೆ. ಒಂದೂವರೆ ಲಕ್ಷದವರೆಗೆ ಖರ್ಚು ಮಾಡಬಲ್ಲೆ. ಯಾವುದನ್ನು ಮೊದಲು ಮಾಡಿಸಲಿ?

ಪೀಣ್ಯ ರೇಡಿಯೇಟರ್

ಗೆಳೆಯರ ಸಲಹೆಯನ್ನು ಮೊದಲೇ ಬದಿಗಿಡಿ. ನಿಮ್ಮ ಕಾರಿನ ಸೂಪರ್‌ಚಾರ್ಜರ್ ಎಂಜಿನ್ನಿನ ಎರಡು ಸಾಲು ಸಿಲಿಂಡರುಗಳ ನಡುವಿನ ಕಣಿವೆಯಲ್ಲಿ ಕೂತಿದೆ, ಮತ್ತು ನೀರಿನಿಂದ ತಣಿಯುವ ಎರಡು ಇಂಟರ್‌ಕೂಲರುಗಳು ಅದೇ ಪೆಟ್ಟಿಗೆಯೊಳಗಿವೆ. ಒತ್ತಿದ ಗಾಳಿ ಅಲ್ಲಿಂದ ನೇರವಾಗಿ ಸಿಲಿಂಡರಿಗೆ ಇಳಿಯುತ್ತದೆ. ಅದನ್ನು ಬಂಪರಿನವರೆಗೆ ಕರೆದೊಯ್ದು ವಾಪಸು ತರಲು ದಾರಿಯೇ ಇಲ್ಲ. ಆದ್ದರಿಂದ ನೀವು ಸುಧಾರಿಸಬೇಕಾದದ್ದು ನೀರಿನ ಸುತ್ತನ್ನು.

ತೆವಳುವ ಟ್ರಾಫಿಕ್ಕಿನಲ್ಲಿ ಸೂಪರ್‌ಚಾರ್ಜರಿನ ಬೈಪಾಸ್ (ಗಾಳಿಯನ್ನು ಒತ್ತದೆ ಸುತ್ತಿಸಿ ಬಿಡುವ ಕವಾಟ) ತೆರೆದಿರುವುದರಿಂದ ಅದು ಗಾಳಿಯನ್ನು ಹೆಚ್ಚು ಒತ್ತುವುದಿಲ್ಲ. ಆಗ ಏರುವ ಕಾವು ಕೆಳಗಿರುವ ಎಂಜಿನ್ನಿನದು. ಆ ಹೊತ್ತಿನಲ್ಲಿ ಮುಂದಿನ ಹೀಟ್ ಎಕ್ಸ್‌ಚೇಂಜರಿಗೆ ಸಿಗುವುದು ಫ್ಯಾನ್ ಎಳೆದ ಗಾಳಿ ಮಾತ್ರ. ಹೀಗಾಗಿ ಒಂದು ರೂಪಾಯಿ ಖರ್ಚು ಮಾಡುವ ಮೊದಲು ಬಂಪರ್ ಬಿಚ್ಚಿಸಿ ನೋಡಿ. ನನ್ನ ಕಾರನ್ನು ನಾಲ್ಕು ವರ್ಷ ಹೊಂಗೆ ಮರದ ಕೆಳಗೆ ನಿಲ್ಲಿಸುತ್ತಿದ್ದೆ. ಬಿಚ್ಚಿದಾಗ ರೇಡಿಯೇಟರುಗಳ ನಡುವಿನ ಸಂದಿಯಲ್ಲಿ ಒಣಗಿದ ಹೊಂಗೆ ಹೂವು, ಮೆಟ್ರೊ ಕಾಮಗಾರಿಯ ಧೂಳು, ಹುಳುಗಳ ರೆಕ್ಕೆ ಎಲ್ಲವೂ ಸೇರಿ ಕಂಬಳಿಯಂತೆ ಹೆಣೆದುಕೊಂಡಿದ್ದವು. ಬೆರಳಿನಿಂದ ಹಿಡಿದೆಳೆದರೆ ಅಂಗೈ ಅಗಲದ ಹಾಳೆಯಾಗಿ ಎದ್ದು ಬಂತು. ರೇಡಿಯೇಟರಿನ ಕೆಳಭಾಗದ ತೆಳು ಲೋಹದ ರೆಕ್ಕೆಗಳನ್ನು (ಫಿನ್) ಸರ್ವಿಸ್ ಸ್ಟೇಷನ್ನಿನ ಪ್ರೆಷರ್ ವಾಷರ್ ಪೂರ್ತಿ ಮಲಗಿಸಿಬಿಟ್ಟಿತ್ತು. ಅವನ್ನು ಒಂದೊಂದಾಗಿ ಬಾಚಿ ನೆಟ್ಟಗೆ ನಿಲ್ಲಿಸಲು ಇಡೀ ಭಾನುವಾರ ಹಿಡಿಯಿತು.

ಯಲಹಂಕ ಲೆಕ್ಕ

ಮೇಲಿನ ಮಾತಿಗೆ ನನ್ನ ಪೂರ್ಣ ಸಮ್ಮತಿ ಇದೆ. ಯಾವ ಭಾಗಕ್ಕೆ ಹಣ ಹಾಕಬೇಕೆಂಬುದನ್ನು ಒಂದು ಸ್ಥೂಲ ಲೆಕ್ಕದಿಂದ ತಿಳಿಯಬಹುದು. ಸೂಪರ್‌ಚಾರ್ಜರ್ ಗಾಳಿಯ ಒತ್ತಡವನ್ನು 1.8 ಪಟ್ಟು ಮಾಡುತ್ತದೆ, ಅದರ ದಕ್ಷತೆ ಶೇ. 65 ಎಂದು ಹಿಡಿದರೆ, 33 ಡಿಗ್ರಿಯ ಗಾಳಿ ಒತ್ತಿಸಿಕೊಂಡು ಹೊರಬರುವಾಗ 120 ಡಿಗ್ರಿಯ ಹತ್ತಿರ ಇರುತ್ತದೆ. ಪೂರ್ತಿ ಆಕ್ಸಿಲರೇಟರ್ ತುಳಿದಾಗ ಸೆಕೆಂಡಿಗೆ ಸುಮಾರು 0.28 ಕಿಲೋಗ್ರಾಂ ಗಾಳಿ ಒಳಹೋಗುತ್ತದೆ ಎಂದುಕೊಳ್ಳಿ. ಅದನ್ನು 55 ಡಿಗ್ರಿಗೆ ಇಳಿಸಲು ನೀರು ಹೊರಬೇಕಾದ ಶಾಖ ಸುಮಾರು 18 ಕಿಲೋವ್ಯಾಟ್, ಅಂದರೆ ಮನೆಯ 2 ಕಿಲೋವ್ಯಾಟ್ ಗೀಸರುಗಳು ಒಂಬತ್ತು ಒಟ್ಟಿಗೆ ಉರಿದಷ್ಟು.

ಪಂಪು ನಿಮಿಷಕ್ಕೆ 15 ಲೀಟರ್ ಕೂಲೆಂಟ್ ತಿರುಗಿಸಿದರೆ, ಆ ಕೂಲೆಂಟ್ ಇಂಟರ್‌ಕೂಲರನ್ನು ಒಮ್ಮೆ ದಾಟುವಷ್ಟರಲ್ಲಿ 20 ಡಿಗ್ರಿ ಬಿಸಿಯಾಗುತ್ತದೆ. 30 ಲೀಟರ್ ಆದರೆ 10 ಡಿಗ್ರಿ, 60 ಲೀಟರ್ ಆದರೆ 5 ಡಿಗ್ರಿ. ಮೊದಲ ಹೆಜ್ಜೆಯಲ್ಲಿ ಸಿಗುವ ಲಾಭ ಎರಡನೆಯದರಲ್ಲಿ ಸಿಗುವುದಿಲ್ಲ. ಆದ್ದರಿಂದ ಅತಿ ದೊಡ್ಡ ಪಂಪಿನ ಹಿಂದೆ ಹೋಗಬೇಡಿ.

ಇನ್ನು ಟ್ಯಾಂಕ್. ಐದು ಕಿಲೋ ಐಸ್ ಕರಗುವಾಗ ಹೀರುವ ಶಾಖ ಈ ಲೆಕ್ಕದಲ್ಲಿ ಸುಮಾರು ಒಂದೂವರೆ ನಿಮಿಷಕ್ಕೆ ಸಾಕು. ಕೆಲವೇ ಸೆಕೆಂಡುಗಳ ಡ್ರ್ಯಾಗ್ ಓಟಕ್ಕೆ ಅಷ್ಟು ಧಾರಾಳವಾಯಿತು, ಆದರೆ ಸಿಲ್ಕ್ ಬೋರ್ಡಿಗೆ ಅದರಿಂದ ಪ್ರಯೋಜನವಿಲ್ಲ. ಐಸ್ ಇಲ್ಲದ ಟ್ಯಾಂಕಿನಲ್ಲಿ ಹೆಚ್ಚುವರಿ ನೀರಿದ್ದರೆ ಬಿಸಿ ನಿಧಾನವಾಗಿ ಏರುತ್ತದೆ ನಿಜ, ಆದರೆ ಒಮ್ಮೆ ಬಿಸಿಯಾದ ನೀರು ಇಳಿಯುವುದೂ ಅಷ್ಟೇ ನಿಧಾನ, ಮತ್ತು ನಿಮ್ಮ ದೂರು ಇರುವುದೇ ಇಳಿಯದ ಬಿಸಿಯ ಬಗ್ಗೆ.

ಉಳಿಯುವುದು ಮುಂದಿನ ಹೀಟ್ ಎಕ್ಸ್‌ಚೇಂಜರ್. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ. ಇಲ್ಲಿನ ಗಾಳಿ ಕರಾವಳಿಗಿಂತ ಶೇ. 10ರಷ್ಟು ತೆಳು, ಹಾಗಾಗಿ ಅದೇ ವೇಗದಲ್ಲಿ ಅದು ಒಯ್ಯುವ ಶಾಖವೂ ಅಷ್ಟು ಕಡಿಮೆ. ಇದನ್ನು ತುಂಬಿಕೊಳ್ಳಲು ದಪ್ಪಕ್ಕಿಂತ ಅಗಲ ಮುಖ್ಯ. ಬಹಳ ದಪ್ಪನೆಯದನ್ನು ಹಾಕಿಸಿದರೆ ಅದರ ಹಿಂದಿರುವ ರೇಡಿಯೇಟರಿಗೆ ಗಾಳಿ ತಪ್ಪಿ, ಮೇ ತಿಂಗಳ ಟ್ರಾಫಿಕ್ಕಿನಲ್ಲಿ ಎಂಜಿನ್ನೇ ಕಾಯುತ್ತದೆ.

ಪೀಣ್ಯ ರೇಡಿಯೇಟರ್

ಪಂಪಿನ ಬಗ್ಗೆ ಒಂದು ಮಾತು. ಬದಲಿಸುವ ಮೊದಲು ಈಗಿರುವುದು ತಿರುಗುತ್ತಿದೆಯೇ ಎಂದು ಸ್ಕ್ಯಾನರಿನಿಂದ ಚಾಲೂ ಮಾಡಿ, ಪೈಪಿನ ಮೇಲೆ ಕೈಯಿಟ್ಟು ನೋಡಿ. ಈ ಸುತ್ತಿನಲ್ಲಿ ಗಾಳಿ ಸಿಕ್ಕಿಕೊಂಡರೆ ಎಷ್ಟು ದೊಡ್ಡ ಪಂಪೂ ನೀರನ್ನು ತಳ್ಳಲಾರದು, ಆದ್ದರಿಂದ ಕೂಲೆಂಟನ್ನು ವ್ಯಾಕ್ಯೂಮ್ ಉಪಕರಣದಿಂದಲೇ ತುಂಬಿಸಿ. ಬೆರೆಸುವ ನೀರು ಡಿಸ್ಟಿಲ್ಡ್ ಆಗಿರಲಿ. ಬೋರ್‌ವೆಲ್ ನೀರು ಬೆರೆಸಿದ್ದ ಇಂಟರ್‌ಕೂಲರೊಂದನ್ನು ನಾನು ಬಿಚ್ಚಿದ್ದೇನೆ. ಒಳಗಿನ ಸಣ್ಣ ಕೊಳವೆಗಳಲ್ಲಿ, ಹಳೆಯ ಬಿಸಿನೀರಿನ ಹಂಡೆಯಲ್ಲಿ ಕಟ್ಟುವಂಥ ಬಿಳಿಯ ಪದರವೇ ಕಟ್ಟಿತ್ತು.

ಬಸವನಗುಡಿ ವಿ6

ಇಬ್ಬರಿಗೂ ಕೃತಜ್ಞತೆಗಳು. ಬಂಪರ್ ಬಿಚ್ಚಿಸಿದೆ, ಕಂಬಳಿ ನನ್ನಲ್ಲೂ ಇತ್ತು. ಪಂಪು ಚೆನ್ನಾಗಿದೆ, ಆದರೆ ಕೂಲೆಂಟ್ ಬದಲಿಸುವಾಗ ಬಹಳಷ್ಟು ಗಾಳಿ ಹೊರಬಂತು. ಹಿಂದಿನ ಸರ್ವಿಸಿನಲ್ಲಿ ಮೇಲಿಂದ ಸುಮ್ಮನೆ ಸುರಿದಿದ್ದರೆಂದು ತೋರುತ್ತದೆ. ನಿನ್ನೆ ಸಂಜೆ ಅದೇ ದಾರಿಯಲ್ಲಿ, ಹೊರಗೆ 32 ಡಿಗ್ರಿ ಇದ್ದಾಗ, ತೆವಳಿದ ಮೇಲೆ 62 ಇತ್ತು. ಮೇಲ್ಸೇತುವೆಯಲ್ಲಿ ಮೂರು ನಿಮಿಷಕ್ಕೆ 46ಕ್ಕೆ ಇಳಿಯಿತು. ಈಗ ಅಗಲವಾದ ಹೀಟ್ ಎಕ್ಸ್‌ಚೇಂಜರ್ ಹಾಕಿಸುವ ಅಗತ್ಯ ಇದೆಯೇ?

ಯಲಹಂಕ ಲೆಕ್ಕ

ಪುಲ್ಲಿ ಬದಲಿಸಿ ಗಾಳಿಯ ಒತ್ತಡ ಹೆಚ್ಚಿಸುವ ಯೋಚನೆ ಇಲ್ಲದಿದ್ದರೆ ಸದ್ಯಕ್ಕೆ ಬೇಡ. ಬಂಪರ್ ಇನ್ನೊಮ್ಮೆ ಬಿಚ್ಚುವ ಸಂದರ್ಭ ಬಂದಾಗ ಹೀಟ್ ಎಕ್ಸ್‌ಚೇಂಜರಿನ ಸುತ್ತಲಿನ ಸಂದುಗಳಿಗೆ ಕಾವು ತಡೆಯುವ ಫೋಮ್ ಪಟ್ಟಿ ಅಂಟಿಸಿ, ಗ್ರಿಲ್ಲಿನಿಂದ ಬಂದ ಗಾಳಿ ಪಕ್ಕಕ್ಕೆ ಜಾರದಂತೆ ಮಾಡಿ. ಏಪ್ರಿಲ್‌ನಲ್ಲಿ ಇದೇ ದಾರಿಯ ಅಳತೆಯನ್ನು ಮತ್ತೊಮ್ಮೆ ತೆಗೆದು ಇಲ್ಲಿ ಹಾಕಿ. ಆಗಲೂ ಮೂರು ನಿಮಿಷದಲ್ಲಿ ಹೊರಗಿನ ಗಾಳಿಗಿಂತ 15 ಡಿಗ್ರಿ ಮೇಲಿನವರೆಗೆ ಇಳಿದರೆ, ಆ ಒಂದೂವರೆ ಲಕ್ಷವನ್ನು ಟೈರು ಮತ್ತು ಬ್ರೇಕಿಗೆ ಇಟ್ಟುಕೊಳ್ಳಬಹುದು.